ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸ್ತಿದ್ದೀರಾ? ಮೊದಲು ವೈರಿಂಗ್ ನೋಡಿ

ರಾತ್ರಿ ಅಂಗಡಿ ಶಟರ್ ಎಳೆದು ಹಳ್ಳಿ ಕಡೆ ಹೊರಟರೆ, ಬೀದಿದೀಪ ಪೇಟೆ ದಾಟುತ್ತಿದ್ದಂತೆ ಮುಗಿದುಹೋಗುತ್ತೆ. ಮುಂದೆ ಬಣ್ಣ ಹೊಡೆಯದ ಹಂಪ್, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್, ರಸ್ತೆ ಮೇಲೆ ಮಲಗಿದ ದನ. ಹೆಡ್‌ಲೈಟ್ ಸಾಲಲ್ಲ ಅಂತ ಎರಡು ಎಲ್‌ಇಡಿ ಲೈಟ್ ಹಾಕಿಸಿಕೊಳ್ಳೋರು ಬಹಳ ಜನ. ಆದರೆ ಅದಕ್ಕೆ ಕರೆಂಟ್ ಎಲ್ಲಿಂದ ತಗೊಂಡಿದ್ದಾರೆ ಅಂತ ಕೇಳೋರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಹೆಡ್‌ಲೈಟ್ ವೈರಿಗೆ ಜೋಡಿಸಿದರೆ ಏನಾಗುತ್ತೆ?

ಹೆಡ್‌ಲೈಟ್ ವೈರಿನ ಸಿಪ್ಪೆ ಸುಲಿದು, ಅಲ್ಲೇ ಹೊಸ ವೈರ್ ಸುತ್ತಿ ಟೇಪ್ ಹಾಕಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತೆ. ತೊಂದರೆ ಶುರುವಾಗೋದೂ ಅಲ್ಲಿಂದಲೇ. 100–125 ಸಿಸಿ ಬೈಕಿನ ಹ್ಯಾಲೋಜನ್ ಬಲ್ಬ್ ಸಾಮಾನ್ಯವಾಗಿ 35 ವ್ಯಾಟ್. 12 ವೋಲ್ಟಿನಲ್ಲಿ ಅದು ಸುಮಾರು 3 ಆಂಪ್ ಎಳೆಯುತ್ತೆ. ತಲಾ 20 ವ್ಯಾಟಿನ ಎರಡು ಲೈಟ್ ಸೇರಿದರೆ ಇನ್ನೊಂದು 3.3 ಆಂಪ್. ಅದೇ ತೆಳು ವೈರ್, ಅದೇ ಸ್ವಿಚ್ ಮೇಲೆ ಎರಡರಷ್ಟು ಭಾರ. ಸ್ವಿಚ್ಚಿನ ಪಾಯಿಂಟ್ ಸುಡುತ್ತೆ, ಕಪ್ಲರ್ ಕರಗುತ್ತೆ. ಫ್ಯೂಸ್ ಹೋದರೆ ಹೆಡ್‌ಲೈಟೂ ಆರಿ, ತಿರುವಿನಲ್ಲಿ ಕತ್ತಲು. ಫ್ಯೂಸ್ ಇಲ್ಲದೆ ವೈರ್ ಶಾರ್ಟ್ ಆದರೆ ಬೆಂಕಿ, ಅದೂ ಪೆಟ್ರೋಲ್ ಟ್ಯಾಂಕ್ ಕೆಳಗೆ.

ಸರಿಯಾದ ದಾರಿ: ಬ್ಯಾಟರಿ, ಫ್ಯೂಸ್, ರಿಲೇ

ಲೈಟಿನ ಕರೆಂಟ್ ನೇರ ಬ್ಯಾಟರಿಯಿಂದ, ರಿಲೇ ಮೂಲಕ ಬರಬೇಕು. ಹ್ಯಾಂಡಲ್ ಸ್ವಿಚ್ ರಿಲೇಗೆ 'ಆನ್ ಆಗು' ಅಂತ ಹೇಳಿದರೆ ಸಾಕು. ಅದರಲ್ಲಿ ಹರಿಯೋದು 0.2 ಆಂಪಿನ ಆಸುಪಾಸು ಮಾತ್ರ. ರಿಲೇ, ಫ್ಯೂಸ್ ಎರಡೂ ಸೇರಿ ಕೆಲವೇ ನೂರು ರೂಪಾಯಿ. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತೆ:

30: ಬ್ಯಾಟರಿ ಪ್ಲಸ್‌ನಿಂದ, ಫ್ಯೂಸ್ ದಾಟಿ ಬರುವ ವೈರ್.
87: ಇಲ್ಲಿಂದ ಲೈಟುಗಳಿಗೆ.
86: ಸ್ವಿಚ್ಚಿನಿಂದ ಬರುವ ವೈರ್.
85: ಬ್ಯಾಟರಿ ಮೈನಸ್‌ಗೆ.

ಸ್ವಿಚ್ಚಿಗೆ ಕರೆಂಟನ್ನು ಕೀ ಆನ್ ಮಾಡಿದಾಗ ಮಾತ್ರ ಬರುವ ವೈರಿನಿಂದ ತೆಗೆದುಕೊಳ್ಳಿ. ಹಾರ್ನ್ ಅಥವಾ ಬ್ರೇಕ್ ಲೈಟಿನ ಪ್ಲಸ್ ಸಾಮಾನ್ಯವಾಗಿ ಹಾಗಿರುತ್ತೆ. ಆಗ ಲೈಟ್ ಆರಿಸೋದು ಮರೆತರೂ ಕೀ ತೆಗೆದ ಕೂಡಲೇ ಆರುತ್ತೆ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಸದಾ ಉರಿಯುತ್ತಿರುತ್ತೆ, ಹಾಗಾಗಿ ಎಕ್ಸ್‌ಟ್ರಾ ಲೈಟಿಗೆ ಬೇರೆ ಸ್ವಿಚ್ ಇರಲೇಬೇಕು. ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಇಸಿಯು, ಸೆನ್ಸರ್ ವೈರುಗಳನ್ನು ಮುಟ್ಟಲು ಬಿಡಬೇಡಿ.

40 ವ್ಯಾಟಿನ ಜೋಡಿಗೆ 5 ಆಂಪ್ ಫ್ಯೂಸ್ ಸಾಕು. ಅದು ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ. ಫ್ಯೂಸ್‌ಗಿಂತ ಹಿಂದಿನ ವೈರಿಗೆ ರಕ್ಷಣೆ ಇಲ್ಲ. ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಬೇಡಿ, ತಾಮ್ರದ ಎಳೆ ಸುತ್ತಲಂತೂ ಬೇಡ. ಎಲ್ಲೋ ವೈರ್ ಉಜ್ಜುತ್ತಿದೆ, ಹುಡುಕಿಸಿ.

ಬ್ಯಾಟರಿ ತಡೆಯುತ್ತಾ?

ಸಣ್ಣ ಬೈಕಿನ ಚಾರ್ಜಿಂಗ್‌ಗೆ ಮಿತಿ ಇದೆ. ಕಾರಿನ 55 ವ್ಯಾಟ್ ಹ್ಯಾಲೋಜನ್ ಎರಡು ಹಾಕಿದರೆ 9 ಆಂಪ್ ದಾಟುತ್ತೆ, ಅದು ಬೇಡ. ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಎಲ್ಲಾ ಲೈಟ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯಲ್ಲಿ ವೋಲ್ಟ್ ಅಳೆಸಿ. 13ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗ್ತಿಲ್ಲ ಅಂತ ಅರ್ಥ. ಕಡಿಮೆ ವ್ಯಾಟಿನ ಲೈಟ್ ಹಾಕಿಸಿ.

ದುಡ್ಡು ಕೊಡುವ ಮುಂಚೆ ನೋಡಿ

• ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದ್ದಾರಾ? ಕೊನೆಗೆ ಹಾಕಬೇಕಾದದ್ದೂ ಅದನ್ನೇ.
• ಲೈಟಿಗೆ ಹೋಗುವ ವೈರ್ ವಾಹನಕ್ಕೆ ಬಳಸುವ ಎಳೆ ಎಳೆಯ ತಾಮ್ರದ್ದೇ? 1 ಅಥವಾ 1.5 ಸ್ಕ್ವೇರ್ ಎಂಎಂ ಇರಲಿ.
• ಜಾಯಿಂಟ್ ಒತ್ತಿ ಕೂರಿಸಿ ಸ್ಲೀವ್ ಹಾಕಿದ್ದಾರಾ? ಬರೀ ಟೇಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತೆ, ಮಳೆಗಾಲದಲ್ಲಿ ನೀರು ಇಳಿಯುತ್ತೆ.
• ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ವೈರ್ ಬಿಗಿಯಾಗಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು.
• ಎಂಜಿನ್ ಹೆಡ್, ಸೈಲೆನ್ಸರ್ ಪೈಪಿಗೆ ವೈರ್ ತಾಗುತ್ತಿದೆಯಾ?
• ಹದಿನೈದು ನಿಮಿಷ ಲೈಟ್ ಉರಿಸಿ ವೈರ್, ಸ್ವಿಚ್, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕೆಲಸ ಸರಿಯಾಗಿಲ್ಲ.

ಎದುರಿಗೆ ಬರೋರಿಗೂ ಕಣ್ಣಿದೆ

ಲೈಟನ್ನು ಹೆಡ್‌ಲೈಟಿಗಿಂತ ಕೆಳಗೆ, ಸ್ವಲ್ಪ ತಗ್ಗಿಸಿ ಕೂರಿಸಿ. ಗೋಡೆಯಿಂದ 25 ಅಡಿ ದೂರ ಬೈಕ್ ನಿಲ್ಲಿಸಿ, ನಿಮ್ಮ ತೂಕ ಹಾಕಿ ಕೂತು ನೋಡಿ: ಬೆಳಕಿನ ಮೇಲ್ಗೆರೆ ಲೈಟ್ ಇರುವ ಎತ್ತರಕ್ಕಿಂತ ಕೆಳಗಿರಬೇಕು. ಎದುರು ವಾಹನ ಬಂದಾಗ, ಊರೊಳಗೆ ಹೋಗುವಾಗ ಆರಿಸಿ.

ಕಾನೂನೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದಕ್ಕೆ ನಿರ್ಬಂಧ ಹಾಕುತ್ತೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ವಿರುದ್ಧ 2024ರಲ್ಲಿ ರಾಜ್ಯ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದ್ದರು. ವಾರಂಟಿ ಇರುವ ಬೈಕಾದರೆ ವೈರ್ ಕತ್ತರಿಸುವ ಮುಂಚೆ ಶೋರೂಮಿನಲ್ಲಿ ಒಂದು ಮಾತು ಕೇಳಿ. ಕೆಲವು ಮಾಡೆಲ್‌ಗಳಿಗೆ ಕಂಪನಿಯ ಲೈಟ್ ಕಿಟ್ಟೇ ಸಿಗುತ್ತೆ, ಅದು ಸಿಕ್ಕರೆ ಅದನ್ನೇ ಹಾಕಿಸಿ.

ಈಗಾಗಲೇ ಹಾಕಿಸಿದ್ದರೆ ನಾಳೆ ಬೆಳಿಗ್ಗೆ ಸೀಟ್ ತೆಗೆದು ನೋಡಿ. ಬ್ಯಾಟರಿ ಪಕ್ಕ ಲೈಟಿನ ಫ್ಯೂಸ್ ಕಾಣದಿದ್ದರೆ, ಅದನ್ನು ಹಾಕಿಸುವವರೆಗೆ ಆ ಲೈಟ್ ಉರಿಸಬೇಡಿ.