ಅಮೆರಿಕೆಯ ವೀರಚಿತ್ರಕಥೆಗಳಲ್ಲಿ ಲೋಕಭೇದ

ಪುರಾಣಗಳಲ್ಲಿ ಒಂದೇ ವೃತ್ತಾಂತವು ಎರಡು ಬಗೆಯಾಗಿ ಕಂಡುಬಂದಾಗ ಸಂಸ್ಕೃತ ವ್ಯಾಖ್ಯಾನಕಾರರು ಕಲ್ಪಭೇದವನ್ನು ಹೇಳಿ ಎರಡನ್ನೂ ಉಳಿಸಿಕೊಳ್ಳುವುದುಂಟು. ಅಮೆರಿಕೆಯ ಅತಿಮಾನುಷ ವೀರರ ಚಿತ್ರಕಥೆಗಳಲ್ಲಿ ಲೋಕಭೇದವು ಹುಟ್ಟಿದುದೂ ಇಂಥದೇ ತೊಡಕಿನಿಂದ. ಆದುದರಿಂದ ಅದನ್ನು ಬರಿಯ ಕಲ್ಪನಾವಿಲಾಸವೆಂದು ತಳ್ಳಿಬಿಡಲಾಗದು.

ಮಿಂಚಿನ ವೇಗದ ‘ಫ್ಲ್ಯಾಷ್’ ಎಂಬ ವೀರನು ೧೯೪೦ರಲ್ಲಿ ಮೊದಲು ಕಾಣಿಸಿಕೊಂಡಾಗ ಅವನ ಹೆಸರು ಜೇ ಗ್ಯಾರಿಕ್. ಅವನ ಪತ್ರಿಕೆಯು ೧೯೪೯ರಲ್ಲಿ ನಿಂತಿತು. ೧೯೫೬ರಲ್ಲಿ ಡಿ.ಸಿ. ಸಂಸ್ಥೆಯವರು ಅದೇ ಬಿರುದನ್ನು ಬ್ಯಾರಿ ಆಲೆನ್ ಎಂಬ ಹೊಸಬನಿಗೆ ಕೊಟ್ಟರು. ಇವನ ಪಾಲಿಗೆ ಹಳೆಯ ಫ್ಲ್ಯಾಷನು ತಾನು ಓದಿದ ಚಿತ್ರಕಥೆಯೊಂದರ ಪಾತ್ರ ಮಾತ್ರ! ೧೯೬೧ರಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರಿಸಿದ ಕಥೆಯಲ್ಲಿ ಆಲೆನ್ ಮತ್ತೊಂದು ಭೂಮಿಗೆ ದಾಟಿ ಗ್ಯಾರಿಕನನ್ನು ಕಣ್ಣಾರೆ ಕಾಣುತ್ತಾನೆ. ಆ ಲೋಕದ ಸಂಗತಿಗಳು ಫಾಕ್ಸನಿಗೆ ಕನಸಿನಲ್ಲಿ ತೋರಿದುವೆಂದೂ ಅವನ್ನೇ ಅವನು ಬರೆದನೆಂದೂ ಅಲ್ಲಿ ಸಮಾಧಾನ ಹೇಳಿದೆ. ಗ್ಯಾರಿಕನ ಮೊದಲ ಕಥೆಯನ್ನು ಬರೆದವನೂ ಫಾಕ್ಸನೇ. ಕರ್ತನು ತನ್ನನ್ನು ದ್ರಷ್ಟಾರನನ್ನಾಗಿ ಮಾಡಿಕೊಂಡುದು ಸ್ವಾರಸ್ಯವಾಗಿದೆ. ೧೯೬೩ರಲ್ಲಿ ಲೋಕಗಳಿಗೆ ಎಣಿಕೆ ಬಂದಾಗ ಹೊಸದು ಒಂದನೆಯ ಭೂಮಿಯಾಯಿತು, ಹಿರಿಯದು ಎರಡನೆಯದಾಯಿತು.

ಮಾರ್ವೆಲ್ ಸಂಸ್ಥೆಯು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು. ೧೯೪೧ರ ಕ್ಯಾಪ್ಟನ್ ಅಮೆರಿಕನನ್ನು ೧೯೬೪ರಲ್ಲಿ ಮರಳಿ ತರಬೇಕಾದಾಗ, ಅವನು ಮಹಾಯುದ್ಧದ ಕೊನೆಯಿಂದ ಮಂಜುಗಡ್ಡೆಯಲ್ಲಿ ಹೂತಿದ್ದನೆಂದರು. ಆದರೆ ೧೯೫೩-೫೪ರಲ್ಲಿಯೂ ಅವನ ಕಥೆಗಳು ಅಚ್ಚಾಗಿದ್ದುವು! ೧೯೭೨ರಲ್ಲಿ ಸ್ಟೀವ್ ಎಂಗಲ್‌ಹಾರ್ಟನು, ಆ ಕಥೆಗಳ ನಾಯಕನು ಅದೇ ಹೆಸರು ಧರಿಸಿದ ಬೇರೊಬ್ಬನೆಂದು ನಿರ್ಣಯಿಸಿದನು. ಅಲ್ಲಿ ಲೋಕವು ಒಂದೇ, ವ್ಯಕ್ತಿ ಇಬ್ಬರು. ೧೯೭೭ರಲ್ಲಿ ಆರಂಭವಾದ ‘ವಾಟ್ ಇಫ್’ ಮಾಲೆಯಲ್ಲಿ ಮಾರ್ವೆಲಿನವರೂ ಅನ್ಯಲೋಕಗಳನ್ನು ತೋರಿಸಿದರು; ಆದರೆ ಅವು ತಿಳಿದ ಕಥೆಯೊಂದರ ಕವಲುಗಳು. ಸ್ಪೈಡರ್‌ಮ್ಯಾನನು ‘ಫೆಂಟಾಸ್ಟಿಕ್ ಫೋರ್’ ತಂಡವನ್ನು ಸೇರಿದ್ದರೆ ಏನಾಗುತ್ತಿತ್ತೆಂಬುದು ಮೊದಲನೆಯ ಸಂಚಿಕೆಯ ಪ್ರಶ್ನೆ. ಮೂಲವನ್ನು ಅರಿಯದವನಿಗೆ ಇದರ ರುಚಿ ಹತ್ತದು.

ಡಿ.ಸಿ.ಯ ಎರಡನೆಯ ಭೂಮಿಗಾದರೋ ತನ್ನದೇ ಆದ ಚರಿತ್ರೆಯಿತ್ತು. ಮಾರಾಟದ ಮುಖ್ಯ ನಾಯಕರಿಗೆ ಮುಪ್ಪೂ ಮರಣವೂ ಸಲ್ಲುತ್ತಿರಲಿಲ್ಲ. ಅವರ ಹಿರಿಯ ಪ್ರತಿರೂಪಗಳಿಗೆ ಅವು ಲಭಿಸಿದುವು. ೧೯೭೭ರಲ್ಲಿ ಅಲ್ಲಿನ ಬ್ಯಾಟ್‌ಮ್ಯಾನನಿಗೂ ಕ್ಯಾಟ್‌ವುಮನಳಿಗೂ ಹುಟ್ಟಿದ ಹೆಲೆನಾ ವೇಯ್ನ್ ‘ಹಂಟ್ರೆಸ್’ ಎಂಬ ಹೆಸರಿನಿಂದ ಬಂದಳು. ಸೂಪರ್‌ಮ್ಯಾನನಿಗೆ ಲೋಯಿಸ್ ಲೇನಳೊಡನೆ ಮದುವೆಯಾದುದನ್ನು ೧೯೭೮ರ ಕಥೆಯೊಂದು ಹೇಳಿತು. ೧೯೭೯ರಲ್ಲಿ ಬ್ಯಾಟ್‌ಮ್ಯಾನನು ಮಡಿದನು. ಕಾಲವು ನಿಜವಾಗಿ ನಡೆದುದು ಈ ‘ಎರಡನೆಯ’ ಲೋಕದಲ್ಲಿಯೇ ಎನ್ನಬೇಕು.

ಹೊಸ ಓದುಗರಿಗೆ ಇಷ್ಟು ಲೋಕಗಳು ಗೊಂದಲವೆಂದು ಎಣಿಸಿ, ೧೯೮೫-೮೬ರ ಹನ್ನೆರಡು ಸಂಚಿಕೆಗಳ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಕೃತಿಯಲ್ಲಿ ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಇವರು ಎಲ್ಲವನ್ನೂ ಒಂದಾಗಿಸಿದರು. ಹೊಸ ಲೋಕದ ಬ್ಯಾಟ್‌ಮ್ಯಾನನು ಅವಿವಾಹಿತನು. ಆದುದರಿಂದ ಹೆಲೆನಾ ಸತ್ತುದು ಮಾತ್ರವಲ್ಲ, ಹುಟ್ಟಿಯೇ ಇರಲಿಲ್ಲವೆಂದಾಯಿತು. ಕಲ್ಪಭೇದದ ಯುಕ್ತಿಯು ಹಳೆಯ ಪಾಠವನ್ನು ಕಾಯುತ್ತಿತ್ತು; ಈ ಪರಿಷ್ಕರಣವು ಅದನ್ನು ಅಳಿಸಿತು. ೧೯೮೯ರಲ್ಲಿ ಬಂದ ಹೊಸ ಹಂಟ್ರೆಸಳ ಹೆಸರೂ ಹೆಲೆನಾ ಎಂದೇ. ಆದರೆ ಅವಳು ಪಾತಕಿಗಳ ಮನೆತನವೊಂದರ ಮಗಳು.