ನಮ್ಮ ಟ್ರೀ ಮೇಲಿನ ಹಿಮ ಹತ್ತಿ ಹೊಲದಿಂದ ಬಂದದ್ದು

ಭಾಗ 1/7 🎄

ಹೋದ ವರ್ಷ ಡಿಸೆಂಬರ್‌ನಾಗ ಮಸ್ಕಿಯ ನಮ್ಮ ಮನೆ ಕ್ರಿಸ್‌ಮಸ್ ಟ್ರೀ ಫೋಟೋ ಹಾಕಿದ್ದೆ. ಒಣಗಿದ ಬಳ್ಳಾರಿ ಜಾಲಿ ಕೊಂಬೆ, ಅದನ್ನ ನಿಲ್ಲಿಸೋಕೆ ಹಳೇ ಪೇಂಟ್ ಡಬ್ಬಿಯ ತುಂಬ ಉಸುಕು, ಕೊಂಬೆ ಮೇಲೆಲ್ಲ ಹತ್ತಿ. ಹತ್ತು ನಿಮಿಷದೊಳಗೆ ಕ್ಲಾಸಿನವರೊಬ್ಬರ ಕಮೆಂಟ್: "ಇದೇನಲೇ, ಬ್ಯಾಂಡೇಜ್ ಗಿಡಾನಾ?" ಅದರ ಕೆಳಗೆ ಇನ್ನೊಂದು: "ಮೇ ತಿಂಗಳಾಗ 40 ಡಿಗ್ರಿ ದಾಟೋ ಊರಿಗೆ ಹಿಮ ಬೇರೆ ಕೇಡು!"

ನಾನೂ ನಗೋ ಇಮೋಜಿ ಹಾಕಿದೆ. ರಾತ್ರಿ ಪೋಸ್ಟ್ ಡಿಲೀಟ್ ಮಾಡಿದೆ. ಬೆಳಗ್ಗೆ ಅವ್ವ "ಎಷ್ಟು ಮಂದಿ ನೋಡಿದ್ರು?" ಅಂತ ಕೇಳಿದಾಗ ಸುಳ್ಳು ಹೇಳಿದೆ. ಯಾಕಂದ್ರೆ ಆ ಹತ್ತಿ ತಂದವಳು ಅವಳೇ.

ಆಮೇಲೆ ಒಂದು ಪ್ರಶ್ನೆ ತಲೇಲಿ ಕೂತುಬಿಟ್ಟಿತು. ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ಟ್ರೀ 'ಒರಿಜಿನಲ್', ನಮ್ಮದು 'ಡೂಪ್ಲಿಕೇಟ್' ಅಂತ ಹೇಳಿದವರ್ಯಾರು? ಈ ಟ್ರೀ, ಈ ಬಿಳಿ ಹಿಮ ಎಲ್ಲಿಂದ ಶುರುವಾಯ್ತು? ಒಂದು ವರ್ಷ ಓದಿದ್ದನ್ನ ಏಳು ಪೋಸ್ಟಲ್ಲಿ ಬರೀತಿದ್ದೇನೆ. ಓದಿ, ಆಮೇಲೆ ಬೇಕಾದ್ರೆ ಮತ್ತೆ ನಗ್ರಿ.

ಭಾಗ 2/7

ಮೊದಲು ಟ್ರೀ ಕಥೆ.

ಮನೆಯೊಳಗೆ ಗಿಡ ನಿಲ್ಲಿಸಿ ಅಲಂಕಾರ ಮಾಡೋ ಪದ್ಧತಿ ಜರ್ಮನ್ ಮಾತಾಡುವ ಜನರದ್ದು. 1605ರಲ್ಲಿ ಸ್ಟ್ರಾಸ್‌ಬರ್ಗ್ ಊರಿನ ಬಗ್ಗೆ ಒಬ್ಬ ಪ್ರಯಾಣಿಕ ಬರೆದಿಟ್ಟ ಟಿಪ್ಪಣಿ ಇದೆ. ಅಲ್ಲಿನ ಜನ ಫರ್ ಗಿಡಗಳನ್ನ ಮನೆಯೊಳಗೆ ನಿಲ್ಲಿಸಿ, ಕಾಗದದ ಗುಲಾಬಿ, ಸೇಬು, ಸಕ್ಕರೆ ಮಿಠಾಯಿ ತೂಗುಹಾಕ್ತಿದ್ದರಂತೆ. ಹಿಮದ ಮಾತು ಅದರಲ್ಲಿಲ್ಲ. ಕಾಗದ, ಹಣ್ಣು, ಸಕ್ಕರೆ. ಅಂದ್ರೆ ಮನೇಲಿ ಏನಿತ್ತೋ ಅದು.

ಇಂಗ್ಲೆಂಡಿಗೆ ಇದು ಹೋಗಿದ್ದು ಬಹಳ ತಡವಾಗಿ. ಜರ್ಮನಿಯಿಂದ ಮದುವೆಯಾಗಿ ಬಂದ ರಾಣಿ ಷಾರ್ಲೆಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಒಂದು ಗಿಡ ಅಲಂಕರಿಸಿದಳು. 1848ರಲ್ಲಿ ರಾಣಿ ವಿಕ್ಟೋರಿಯಾ, ಆಲ್ಬರ್ಟ್ ಮತ್ತು ಮಕ್ಕಳು ಟ್ರೀ ಸುತ್ತ ನಿಂತ ಚಿತ್ರ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಬಂತು. ಆಮೇಲೆ ಎಲ್ಲರಿಗೂ ಟ್ರೀ ಬೇಕಾಯ್ತು. ಈಗಿನ ಭಾಷೇಲಿ ಹೇಳೋದಾದ್ರೆ, ಒಂದು ಫೋಟೋ ವೈರಲ್ ಆಯ್ತು ಅಷ್ಟೇ.

ಈಗ ನಮ್ಮ ಕಡೆ ನೋಡ್ರಿ. ಲಿಂಗಸುಗೂರು ತಾಲೂಕಿನ ಮುದಗಲ್ಲು ಗೊತ್ತಲ್ಲ? ಕೋಟೆ, ಮೊಹರಂಗೆ ಹೆಸರಾದ ಊರು. ಅಲ್ಲಿ ಗೋವಾ ಕಡೆಯಿಂದ ಬಂದ ಜೆಸ್ಯೂಟ್ ಪಾದ್ರಿಗಳು ಕಟ್ಟಿದ ಹಳೇ ಚರ್ಚ್ ಇದೆ. ಅದರ ಕಾಲ 16ನೇ ಶತಮಾನ ಎಂದು ಹೇಳಲಾಗುತ್ತದೆ. ವಿಜಯನಗರ ಮತ್ತು ಬಿಜಾಪುರ ಅದೇ ಕೋಟೆಗಾಗಿ ಕಾದಾಡ್ತಿದ್ದ ಕಾಲ ಅದು. ಲಂಡನ್ನಿನ ಮನೆಗಳಿಗೆ ಕ್ರಿಸ್‌ಮಸ್ ಟ್ರೀ ಬರೋದಕ್ಕೆ ಇನ್ನೂರು ವರ್ಷಕ್ಕಿಂತ ಮೊದಲೇ ನಮ್ಮ ಎರೆ ಭೂಮಿಯಲ್ಲಿ ಕ್ರಿಸ್‌ಮಸ್ ಇತ್ತು. "ಇದು ಮೊನ್ನೆ ಇಂಗ್ಲಿಷಿನವರು ತಂದ ಹಬ್ಬ" ಅನ್ನೋರಿಗೆ ಮುದಗಲ್ಲಿನ ದಾರಿ ತೋರಿಸಿ.

ಭಾಗ 3/7

"ಸರಿ, ಆದ್ರೆ ಜಾಲಿ ಕೊಂಬೆ ಟ್ರೀ ಆಗುತ್ತಾ?"

ಆಗುತ್ತೆ. ಬೇರೆ ಗಿಡಕ್ಕೆ ಫರ್ ವೇಷ ಹಾಕೋದನ್ನ ಜರ್ಮನ್ನರೇ ಮಾಡಿದ್ದಾರೆ. 19ನೇ ಶತಮಾನದಲ್ಲಿ ಹಬ್ಬಕ್ಕಂತ ಎಳೇ ಫರ್ ಗಿಡಗಳನ್ನ ಕಡಿದು ಕಡಿದು ಕಾಡಿನ ಚಿಂತೆ ಶುರುವಾದಾಗ ಅಲ್ಲಿನ ಜನ ಬಾತುಕೋಳಿ ಜಾತಿಯ ಹೆಬ್ಬಾತಿನ ಪುಕ್ಕಕ್ಕೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ, ಟ್ರೀ ಮಾಡಿದರು. ಜಗತ್ತಿನ ಮೊದಲ ಕೃತಕ ಕ್ರಿಸ್‌ಮಸ್ ಟ್ರೀಗಳಲ್ಲಿ ಪುಕ್ಕದ ಟ್ರೀ ಒಂದು.

ಕರ್ನಾಟಕದಲ್ಲಿ ಬಹಳ ಮನೆಗಳಲ್ಲಿ ಟ್ರೀ ಅಂದ್ರೆ ಸರ್ವೆ ಕೊಂಬೆ. ಅದೂ ಇಲ್ಲಿಯದಲ್ಲ. 1868ರಲ್ಲಿ ಉರುವಲಿಗಾಗಿ ಅಂತ ಕಾರವಾರದ ಕಡಲ ತೀರದಲ್ಲಿ ನೆಟ್ಟದ್ದು. ನೋಡೋಕೆ ಪೈನ್ ಥರ ಇದ್ರೂ ಅದಕ್ಕೂ ಪೈನ್‌ಗೂ ಸಂಬಂಧ ಇಲ್ಲ. ಸೂಜಿ ಥರ ಕಾಣೋದು ಎಲೆ ಅಲ್ಲ, ಗಿಣ್ಣು ಗಿಣ್ಣಾದ ಹಸಿರು ಕಡ್ಡಿ. ಎಳೆದರೆ ಗಿಣ್ಣಿಗೆ ಸರಿಯಾಗಿ ಕಳಚಿಕೊಳ್ಳುತ್ತೆ, ಟ್ರೈ ಮಾಡಿ.

ನಮ್ಮ ಕಡೆ ಸರ್ವೆ ಕಮ್ಮಿ. ಹಳ್ಳದ ದಂಡೆ, ರಸ್ತೆ ಬದಿ, ಪಾಳು ಹೊಲ, ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಇದು ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಬಂದು, ಬಂದಷ್ಟೂ ಜಾಗ ಆಕ್ರಮಿಸಿಕೊಂಡ ಗಿಡ. ಅದನ್ನ ಕಡಿದರೆ ಯಾರೂ ಅಳೋದಿಲ್ಲ, ರೈತರು ಖುಷಿ ಪಡ್ತಾರೆ. ಮುಳ್ಳು ತೆಗೆದರೆ ಕೊಂಬೆಯ ಆಕಾರ ಚೆಂದ. ಟ್ರೀ ಮಾಡೋಕೆ ಇದಕ್ಕಿಂತ ಪಾಪ ಇಲ್ಲದ ಗಿಡ ಸಿಗೋದು ಕಷ್ಟ.

ಭಾಗ 4/7 ❄️

ಈಗ ಹಿಮ.

ಬೆತ್ಲೆಹೇಮಿನ ಕಥೆಯಲ್ಲಿ ಕುರುಬರಿದ್ದಾರೆ, ನಕ್ಷತ್ರ ಇದೆ, ಗೋದಲಿ ಇದೆ. ಹಿಮ ಇಲ್ಲ. ಹಿಮ ಅಂಟಿಕೊಂಡಿದ್ದು ಯುರೋಪಿನ ಚಳಿಗಾಲದಲ್ಲಿ, ಅದನ್ನ ಊರೂರಿಗೆ ಹಂಚಿದ್ದು ಪುಸ್ತಕ ಮತ್ತು ಹಾಡು.

ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಅವನ ಬಾಲ್ಯದ ದಶಕ ಇಂಗ್ಲೆಂಡಿನಲ್ಲಿ ವಿಪರೀತ ಚಳಿಯ ದಶಕ. 1814ರಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಜಾತ್ರೆಯೇ ನಡೆಯಿತು. ನದಿ ಮೇಲಿನ ಕೊನೇ ಜಾತ್ರೆ ಅದು. 1843ರಲ್ಲಿ ಡಿಕನ್ಸ್ 'ಎ ಕ್ರಿಸ್‌ಮಸ್ ಕ್ಯಾರೋಲ್' ಬರೆದಾಗ ಅದರಲ್ಲಿ ಹಿಮ ಸುರಿಯಿತು. ಆಮೇಲೆ ಗ್ರೀಟಿಂಗ್ ಕಾರ್ಡ್‌ಗಳಲ್ಲೂ ಸುರಿಯಿತು.

ಇನ್ನೊಂದು ಮಜಾ. ಇಡೀ ಜಗತ್ತು ಹಾಡೋ 'ವೈಟ್ ಕ್ರಿಸ್‌ಮಸ್' 1942ರ ಸಿನಿಮಾದಿಂದ ಜನಪ್ರಿಯ ಆಯ್ತು. ಬರೆದವನು ಇರ್ವಿಂಗ್ ಬರ್ಲಿನ್. ರಷ್ಯಾದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬದವನು, ಕ್ರಿಸ್‌ಮಸ್ ಅವನ ಮನೆತನದ ಹಬ್ಬವೇ ಅಲ್ಲ. ಹೆಚ್ಚಿನವರು ಬಿಟ್ಟು ಹಾಡುವ ಆ ಹಾಡಿನ ಪೀಠಿಕೆಯಲ್ಲಿ ಬಿಸಿಲೂರಾದ ಲಾಸ್ ಏಂಜಲೀಸ್‌ನಲ್ಲಿ ಕೂತು ಹಿಮ ನೆನೆಸಿಕೊಳ್ಳುವ ಮಾತಿದೆ.

ಅಂದ್ರೆ ಹಿಮದ ಆಸೆ ಹಿಮ ಇಲ್ಲದ ಕಡೆಯೇ ಜೋರು. ಮಸ್ಕಿಯ ಹುಡುಗಿಗೆ ಆ ಆಸೆ ಬಂದ್ರೆ ತಪ್ಪೇನು?

ಭಾಗ 5/7

ಆ 'ಬ್ಯಾಂಡೇಜ್' ಕಮೆಂಟಿಗೆ ಉತ್ತರ ಇಲ್ಲಿದೆ.

ಟ್ರೀ ಮೇಲೆ ಹತ್ತಿಯ ಹಿಮ ಹಾಕೋದು ಬಡವರ ಜುಗಾಡ್ ಅಂತ ನಾನೂ ತಿಳಿದಿದ್ದೆ. ಅಲ್ಲ. 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಹತ್ತಿಯಿಂದಲೇ ಗೊಂಬೆ, ಹಣ್ಣು, ದೇವತೆ ಮಾಡಿ ಟ್ರೀಗೆ ತೂಗುಹಾಕ್ತಿದ್ದರು. ಅಮೆರಿಕದಲ್ಲಿ ಹತ್ತಿಯ ಹಾಳೆಯನ್ನ ಟ್ರೀ ಬುಡಕ್ಕೆ ಹಾಸಿ, ಕೊಂಬೆಗೆ ಹರಡಿ 'ಹಿಮ' ಅಂತಿದ್ದರು.

ಜರ್ಮನ್ ಭಾಷೆಯಲ್ಲಿ ಹತ್ತಿಗೆ ಏನಂತಾರೆ ಗೊತ್ತಾ? 'ಬಾಮ್‌ವೊಲ್ಲೆ'. ಬಾಮ್ ಅಂದ್ರೆ ಮರ, ವೊಲ್ಲೆ ಅಂದ್ರೆ ಉಣ್ಣೆ. ಮರದ ಉಣ್ಣೆ! ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಭಾರತದ ಬಗ್ಗೆ ಬರೆಯುವಾಗ, ಅಲ್ಲಿ ಕಾಡುಗಿಡಗಳು ಉಣ್ಣೆ ಬಿಡುತ್ತವೆ, ಅದು ಕುರಿ ಉಣ್ಣೆಗಿಂತ ಚೆನ್ನಾಗಿರುತ್ತೆ ಅಂದಿದ್ದ. ಕುರಿ ಉಣ್ಣೆ ಬಿಟ್ಟು ಬೇರೆ ನೋಡದವರಿಗೆ ನಮ್ಮ ಹತ್ತಿ ಹಾಗೆ ಕಂಡಿತ್ತು.

ಆದ್ರೆ ಹತ್ತಿಗೆ ಒಂದು ದೋಷ. ಬೆಂಕಿ. ಆಗ ಟ್ರೀಗೆ ನಿಜವಾದ ಮೇಣದಬತ್ತಿ ಹಚ್ಚುತ್ತಿದ್ದರು. ಕೊಂಬೆ ಒಣಗಿರುತ್ತೆ, ಪಕ್ಕದಲ್ಲಿ ಹತ್ತಿ. ಒಂದು ಕಿಡಿ ಸಾಕು. 1882ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ಮೊದಲ ಸಲ ಟ್ರೀಗೆ ವಿದ್ಯುತ್ ದೀಪ ಹಾಕಿದ, ಆದ್ರೆ ಅದು ಸಾಮಾನ್ಯರ ಮನೆಗೆ ಬರೋಕೆ ದಶಕಗಳೇ ಬೇಕಾದವು.

ಅಷ್ಟರಲ್ಲಿ "ಹತ್ತಿ ಬೇಡ, ಇದು ಸುಡೋದೇ ಇಲ್ಲ" ಅಂತ ಅಮೆರಿಕದ ಅಂಗಡಿಗಳಲ್ಲಿ ಹೊಸ ಹಿಮದ ಪ್ಯಾಕೆಟ್ ಬಂತು. ಅದು ಆಸ್ಬೆಸ್ಟಾಸ್! 1930, 40ರ ದಶಕಗಳಲ್ಲಿ ಅಪ್ಪ ಅಮ್ಮಂದಿರು ಅದನ್ನ ಮಕ್ಕಳ ಎದುರೇ ಟ್ರೀ ಮೇಲೆ ಉದುರಿಸಿದರು. ಅದರ ಎಳೆ ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತರುತ್ತೆ ಅನ್ನೋದು ಜನಕ್ಕೆ ತಿಳಿದದ್ದು ಆಮೇಲೆ. 'ಅಂಗಡಿಯ ಹಿಮ ಒಳ್ಳೇದು, ಮನೆಯ ಹತ್ತಿ ಕೀಳು' ಅನ್ನೋ ಮಾತನ್ನ ಜನ ಒಮ್ಮೆ ನಂಬಿ ನೋಡಿದ್ದಾರೆ.

ಭಾಗ 6/7

ಈಗ ನಮ್ಮ ಹೊಲಕ್ಕೆ ಬರ್ರಿ.

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಹಳೇ ಶಾಸನಗಳಲ್ಲಿ 'ಎಡೆದೊರೆ ನಾಡು' ಅಂತ ಹೆಸರು. ದೊರೆ ಅಂದ್ರೆ ಇಲ್ಲಿ ಹೊಳೆ. ಎರಡು ಹೊಳೆಗಳ ಎಡೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳೋದರಿಂದ ಮಳೆ ನಿಂತ ಮೇಲೂ ಹತ್ತಿ ಗಿಡ ಬದುಕುತ್ತೆ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಹತ್ತಿ ಬರೋದು ನಿಂತಾಗ ಇಂಗ್ಲೆಂಡಿನ ಮಿಲ್ಲುಗಳು ಭಾರತದ ಕಡೆ ತಿರುಗಿದವು. 1871ರಲ್ಲಿ ಬಾಂಬೆ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಹತ್ತಿಗೆ ಸೀದಾ ಬಂದರಿನ ದಾರಿ ಸಿಕ್ತು. ರಾಯಚೂರು ಜಿನ್ನಿಂಗ್ ಊರಾಯಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದಮೇಲೆ ಎಡದಂಡೆ ಕಾಲುವೆ ಸಿಂಧನೂರನ್ನ ಭತ್ತದ ಕಣಜ ಮಾಡಿತು. ನೀರು ಮುಟ್ಟದ ಮಸ್ಕಿ, ಲಿಂಗಸುಗೂರಿನ ಒಣ ಹೊಲಗಳಲ್ಲಿ ಹತ್ತಿ, ತೊಗರಿ, ಜೋಳ ಉಳಿದವು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ಕೊಟ್ಟರು. 2002ರಲ್ಲಿ ಬಿಟಿ ಬಂತು. ತಳಿ ಬದಲಾಯ್ತು, ಬೀಜದ ರೇಟು ಬದಲಾಯ್ತು, ಹುಳದ ಹೆಸರೂ ಬದಲಾಯ್ತು.

ಬದಲಾಗದ್ದು ಒಂದೇ. ಹತ್ತಿ ಬಿಡಿಸೋ ಕೈ. ನಮ್ಮ ಕಡೆ ಇವತ್ತಿಗೂ ಅದು ಹೆಣ್ಣುಮಕ್ಕಳ ಕೈ. ಕಿಲೋ ಲೆಕ್ಕದಲ್ಲಿ ಕೂಲಿ. ಬೆಳಗ್ಗೆ ಇಬ್ಬನಿಗೆ ಸೀರೆ ತೋಯ್ದಿರುತ್ತೆ, ಮಧ್ಯಾಹ್ನ ಬಿಸಿಲಿಗೆ ಬೆನ್ನು ಸುಡುತ್ತೆ. ಒಡೆದ ಕಾಯಿಯ ಮೊನೆ ಉಗುರಿನ ಬುಡಕ್ಕೇ ಚುಚ್ಚುತ್ತೆ. ಸುಗ್ಗಿ ಜೋರಾದಾಗ ನಮ್ಮ ಕ್ಲಾಸಿನ ಕೆಲವು ಬೆಂಚು ಖಾಲಿ ಇರ್ತಾವಲ್ಲ, ಅವರು ಎಲ್ಲಿಗೆ ಹೋಗಿರ್ತಾರೆ ಅಂತ ನಮಗೆಲ್ಲ ಗೊತ್ತು. ಹಾಜರಿ ಕರೆಯುವಾಗ ಮಾತ್ರ ಸುಮ್ಮನಿರ್ತೀವಿ.

ನಮ್ಮ ಟ್ರೀ ಮೇಲಿನದು ಮಾಲೀಕರ ಹತ್ತಿ ಅಲ್ಲ. ಹೊಲ ಪೂರ್ತಿ ಬಿಡಿಸಿ ಆದಮೇಲೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಉಳಿದದ್ದನ್ನ ಆಯ್ಕೋತಾರಲ್ಲ, ಹಕ್ಕಲು, ಆ ಹತ್ತಿ. ಬೈಬಲ್ ಓದಿದವರಿಗೆ ರೂತಳ ಕಥೆ ಗೊತ್ತಿರುತ್ತೆ. ಗಂಡ ಸತ್ತ ಪರದೇಶದ ಹೆಣ್ಣುಮಗಳು, ಅತ್ತೆಯನ್ನ ಸಾಕೋಕೆ ಬೇರೆಯವರ ಜವೆಗೋಧಿ ಹೊಲದಲ್ಲಿ ಹಕ್ಕಲು ಆಯ್ದಳು. ಆ ಹೊಲ ಇದ್ದ ಊರು ಬೆತ್ಲೆಹೇಮ್. ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ.

ಕ್ರಿಸ್‌ಮಸ್ ಕಥೆಯ ಊರಿನಲ್ಲಿ ಹಕ್ಕಲು ಆಯ್ದ ಹೆಣ್ಣುಮಗಳಿದ್ದಾಳೆ. ಇದು ಗೊತ್ತಾದ ದಿನ ಅವ್ವನಿಗೆ ಹೇಳಿದೆ. ಅವ್ವ "ನನಗ ಮೊದಲೇ ಗೊತ್ತೈತಿ, ನೀ ಈಗ ಓದಿದ್ಯಾ?" ಅಂದಳು.

ಭಾಗ 7/7

ಈ ವರ್ಷ ಮನೇಲಿ ಮಾಡೋರಿಗೆ. ಸೇವ್ ಮಾಡ್ಕೊಳ್ರಿ 📌

• ಒಣ ಜಾಲಿ ಕೊಂಬೆ ತಂದು ಮುಳ್ಳು ಪೂರ್ತಿ ಕತ್ತರಿಸಿ. ದೊಡ್ಡವರನ್ನ ಜೊತೆಗೆ ಕರ್ಕೊಳ್ರಿ, ಜಾಲಿ ಮುಳ್ಳು ಚುಚ್ಚಿದ್ರೆ ಬಾವು ಬರುತ್ತೆ.
• ಡಬ್ಬಿಗೆ ಮೊದಲು ಕಲ್ಲು, ಮೇಲೆ ಒದ್ದೆ ಉಸುಕು. ಕೊಂಬೆ ಅಲ್ಲಾಡಬಾರದು.
• ಕೊಂಬೆಗೆ ಬಿಳಿ ಬಣ್ಣ ಬಳಿದು ಒಣಗಿಸಿ. ಕಮ್ಮಿ ಹತ್ತಿ ಸಾಕಾಗುತ್ತೆ.
• ಹೊಲದ ಹತ್ತಿ ಆದ್ರೆ ಬೀಜ ತೆಗೆದು ಅರಳೆ ಮಾಡಿ. ಮುದ್ದೆ ಮುದ್ದೆ ಅಂಟಿಸಬೇಡಿ, ಬ್ಯಾಂಡೇಜ್ ಕಾಣೋದು ಅದಕ್ಕೇ (ಹೋದ ವರ್ಷ ನಾ ಮಾಡಿದ ತಪ್ಪು, ಒಪ್ಪಿದೆ 😄). ಬೆರಳಲ್ಲಿ ಎಳೆದೆಳೆದು ಬಲೆ ಥರ ತೆಳ್ಳಗೆ ಮಾಡಿ.
• ಮೈದಾ ಅಂಟನ್ನ ಕೊಂಬೆಯ ಮೇಲ್ಭಾಗಕ್ಕೆ ಮಾತ್ರ ಹಚ್ಚಿ. ಹಿಮ ಮೇಲಿಂದ ಬೀಳುತ್ತೆ, ಕೆಳಗೆ ಅಂಟೋದಿಲ್ಲ. ನಿಜವಾಗಿ ಹಿಮದಂತೆ ಕಾಣೋದು ಈ ಒಂದು ಕೆಲಸದಿಂದ.
• ಪೂಜೆಗೆ ಗೆಜ್ಜೆವಸ್ತ್ರ ಮಾಡೋ ಅಜ್ಜಿ ಪಕ್ಕದ ಮನೇಲಿದ್ರೆ ಕಲಿತುಕೊಳ್ಳಿ. ಕೊಂಬೆಯಿಂದ ಕೊಂಬೆಗೆ ಇಳಿಬಿಡೋಕೆ ಅಂಥ ಮಾಲೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.
• ಮೇಣದಬತ್ತಿ ಬೇಡವೇ ಬೇಡ. ಬಿಸಿಯಾಗೋ ಹಳೇ ಸೀರಿಯಲ್ ಸೆಟ್ ಕೂಡ ಬೇಡ. ಎಲ್ಇಡಿ ಹಾಕಿ, ಮಲಗುವಾಗ ಆಫ್ ಮಾಡಿ.
• ಥರ್ಮಾಕೋಲ್ ಗುಂಡು ಬೇಡ. ಗಾಳಿಗೆ ಹಾರಿ ಹೊಲ ಸೇರುತ್ತೆ, ದನ ತಿನ್ನುತ್ತೆ.

ಹಬ್ಬ ಮುಗಿದ ಮೇಲೆ ಕೊಂಬೆ ಒಲೆಗೆ. ಹತ್ತಿಯನ್ನ ಬಿಡಿಸಿಟ್ಟುಕೊಂಡು ದಿಂಬಿಗೆ ತುಂಬಿ.

ಹೋದ ವರ್ಷ ಡಿಲೀಟ್ ಮಾಡಿದ ಫೋಟೋ ಗ್ಯಾಲರಿಯಲ್ಲಿ ಇನ್ನೂ ಇತ್ತು. ಈ ಪೋಸ್ಟಿನ ಕೊನೇ ಸ್ಲೈಡ್ ಅದೇ. ಅವ್ವನ ಕೈ ಕೂಡ ಫ್ರೇಮಿನಲ್ಲಿದೆ, ಹೋದ ಸಲ ಅದನ್ನ ಕ್ರಾಪ್ ಮಾಡಿದ್ದೆ. ಈ ಸಲ ಮಾಡಿಲ್ಲ.

ನಿಮ್ಮ ಮನೆ ಟ್ರೀ ಹೇಗಿದ್ರೂ ಹಾಕಿ, ನನ್ನ ಟ್ಯಾಗ್ ಮಾಡಿ. ಹತ್ತಿ ಬಿಡಿಸೋಕೆ ಹೋಗಿ ಕ್ಲಾಸ್ ತಪ್ಪಿಸಿಕೊಂಡ ಗೆಳತಿಯರಿದ್ರೆ ನೋಟ್ಸ್ ಕಳಿಸೋದು ಮರೀಬೇಡಿ. ಹ್ಯಾಪಿ ಕ್ರಿಸ್‌ಮಸ್ ❄️

#ಎಡೆದೊರೆನಾಡು #ಮಸ್ಕಿ #ಸಿಂಧನೂರು #ಲಿಂಗಸುಗೂರು #ಹತ್ತಿಯಹಿಮ #ನಮ್ಮೂರಇತಿಹಾಸ