ಜೀರ್ಣವಸ್ತ್ರದ ಸದ್ವಿನಿಯೋಗ

ನಿಮ್ಮ ಮನೆಯ ಅಟ್ಟದ ಮೇಲಿರುವ ಹಳೆಯ ಬಟ್ಟೆಯ ಗಂಟನ್ನೊಮ್ಮೆ ಬಿಚ್ಚಿ ನೋಡಿರಿ. ಅಂಚು ಸವೆದ ಧೋತರ, ಬಣ್ಣ ಮಾಸಿದ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ ಅಲ್ಲಿರುತ್ತವೆ. ಅವುಗಳ ಉಪಯೋಗ ತೀರಿತೆಂದು ನಾವು ಭಾವಿಸುತ್ತೇವೆ. ನಮ್ಮ ಹಿರಿಯರ ಎಣಿಕೆ ಹಾಗಿರಲಿಲ್ಲ. ಉಡಲು ಬಾರದ ವಸ್ತ್ರವು ಇನ್ನೊಂದು ಕೆಲಸಕ್ಕೆ ಹದವಾಯಿತೆಂದೇ ಅವರು ತಿಳಿಯುತ್ತಿದ್ದರು. ಈ ತಿಳಿವಳಿಕೆಗೆ ದೀರ್ಘವಾದ ಇತಿಹಾಸವುಂಟು.

ಬೌದ್ಧರ ವಿನಯಪಿಟಕದ ಚುಳ್ಳವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧನ ಪರಿನಿರ್ವಾಣದ ತರುವಾಯ ಅವನ ಶಿಷ್ಯನಾದ ಆನಂದನು ಕೌಶಾಂಬಿಗೆ ಬಂದನು. ಅಲ್ಲಿಯ ಅರಸನಾದ ಉದಯನನ ಅಂತಃಪುರದವರು ಆನಂದನ ಉಪದೇಶ ಕೇಳಿ ಸಂತೋಷಗೊಂಡು 500 ವಸ್ತ್ರಗಳನ್ನು ದಾನವಿತ್ತರು. ಅರಸನಿಗೆ ಇದು ಸರಿದೋರಲಿಲ್ಲ. ಸನ್ಯಾಸಿಗೆ ಇಷ್ಟೊಂದು ಬಟ್ಟೆಯೇಕೆ, ಇವನು ಅಂಗಡಿ ತೆರೆಯುವನೇ ಎಂದು ಸಂಶಯಗೊಂಡು ಆನಂದನನ್ನೇ ಪ್ರಶ್ನಿಸಿದನು. ಬಟ್ಟೆ ಹರಿದ ಭಿಕ್ಷುಗಳಿಗೆ ಇವನ್ನು ಹಂಚುವುದಾಗಿ ಆನಂದನು ತಿಳಿಸಿದನು. ಅವರ ಹಳೆಯ ಬಟ್ಟೆಗಳ ಗತಿಯೇನು? ಅವು ಹಾಸಿಗೆಯ ಮೇಲುಹಾಸಾಗುವವು. ಮೇಲುಹಾಸು ಹಳತಾದರೆ ಹಾಸಿಗೆಯ ಗವಸಣಿಗೆ, ಅನಂತರ ನೆಲಹಾಸು, ಅನಂತರ ಕಾಲೊರಸು, ಅದೂ ಸವೆದರೆ ಧೂಳು ಒರಸುವ ಚಿಂದಿ. ಕಟ್ಟಕಡೆಗೆ ಆ ಚಿಂದಿಯನ್ನು ಕೊಚ್ಚಿ, ಕೆಸರಿನೊಡನೆ ಕಲಸಿ ನೆಲಕ್ಕೆ ಮೆತ್ತುವರು. ಈ ಉತ್ತರದಿಂದ ಸಂತುಷ್ಟನಾದ ಅರಸನು ತಾನೂ 500 ವಸ್ತ್ರಗಳನ್ನು ಕೊಟ್ಟನು.

ಇಲ್ಲಿ ಗಮನಿಸಬೇಕಾದುದೊಂದಿದೆ. ಆನಂದನ ಮಿತವ್ಯಯವು ಜಿಪುಣತನವಲ್ಲ. ಕೊಟ್ಟವರಿಗೆ ಒಪ್ಪಿಸಿದ ಲೆಕ್ಕ. ವಸ್ತ್ರದ ಹಿಂದೆ ದಾನಿಯ ಹಣವಷ್ಟೇ ಅಲ್ಲ, ನೂತವರ, ನೇಯ್ದವರ ಶ್ರಮವೂ ಇದೆ. ನಮ್ಮ 12ನೆಯ ಶತಮಾನದ ಶರಣರಲ್ಲಿ ಕದಿರ ರೆಮ್ಮವ್ವೆ ನೂಲುವವಳು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು. ನೂಲುವುದೂ ಒಗೆಯುವುದೂ ಕಾಯಕವೆಂದು ಒಪ್ಪಿದ ಮೇಲೆ, ಅರಿವೆಯನ್ನು ಕಾರಣವಿಲ್ಲದೆ ಬಿಸಾಡುವುದು ಆ ಕಾಯಕಕ್ಕೆ ತೋರುವ ಅನಾದರವೇ ಆಗುತ್ತದೆ.

ಉತ್ತರ ಕರ್ನಾಟಕದ ಕೌದಿಯನ್ನು ನೀವೆಲ್ಲ ಬಲ್ಲಿರಿ. ಹಳೆಯ ಸೀರೆ ಧೋತರಗಳನ್ನು ಒಗೆದು, ಪದರಪದರವಾಗಿ ನೆಲದ ಮೇಲೆ ಹಾಸಿ, ಗಟ್ಟಿಯಿದ್ದ ತುಂಡುಗಳನ್ನು ಮೇಲೆ ಜೋಡಿಸಿ, ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಸವೆದು ಮೆತ್ತಗಾದ ನೂಲುಬಟ್ಟೆಯೇ ಕೂಸಿನ ಮೈಗೆ ಹಿತ. ಉತ್ತರ ಕನ್ನಡದ ಸಿದ್ದಿ ಜನಾಂಗದ ಮಹಿಳೆಯರಲ್ಲಿಯೂ ಈ ಕಲೆಯ ತಮ್ಮದೇ ರೀತಿ ಇದೆ. ಬಂಗಾಳದಲ್ಲಿ ಇದರ ಬಂಧುವಾದ ಕಾಂಥಾ ಇದೆ. ಒಂದು ಸೀರೆಯನ್ನು ಐದು ವರುಷ ಉಟ್ಟು, ಮುಂದೆ ಹತ್ತು ವರುಷ ಕೌದಿಯ ಪದರವಾಗಿ ಬಳಸಿದರೆ, ಅದಕ್ಕೆ ತೆತ್ತ ಹಣವು ಹದಿನೈದು ವರುಷಗಳಿಗೆ ಹಂಚಿಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಚಿಂದಿಯಿಂದ ಹಾಸಿಗೆಯನ್ನೇ ಅಗಲಿಸುವ ವಿದ್ಯೆಯನ್ನೂ ಬಲ್ಲವರಾಗಿದ್ದರು.

ಈ ವಿದ್ಯೆಯ ಬೆಲೆ ಜಗತ್ತಿಗೆ ತಿಳಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗಿರಣಿಗಳಿಗೆ ಹೆಸರಾಗಿದ್ದ ಬ್ರಿಟನ್ನಿನಲ್ಲಿಯೇ 1941ರ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂದಿತು. ಮೊದಲ ವರುಷ ವಯಸ್ಕರೊಬ್ಬರಿಗೆ 66 ಕೂಪನ್ನುಗಳು ಮಾತ್ರ. ಹರಿದುದನ್ನು ಹೊಲಿದು, ಇದ್ದುದರಲ್ಲಿಯೇ ಸಾಗಿಸುವ ಬಗೆಯನ್ನು ಕಲಿಸಲು 1943ರಲ್ಲಿ ಸರಕಾರವೇ ಕೈಪಿಡಿ ಹೊರಡಿಸಿತು. ಈ ಪಡಿತರ 1949ರ ಮಾರ್ಚ್‌ವರೆಗೂ ಮುಂದುವರಿಯಿತು. ಭಾರತದಲ್ಲಿ ಗಿರಣಿಗಳ ಬಟ್ಟೆಯ ದೊಡ್ಡ ಪಾಲು ಸೈನ್ಯಕ್ಕೆ ಹೋಯಿತು; ಬೆಲೆ ವಿಪರೀತ ಏರಿ, 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಜಾರಿಯಾಯಿತು. 1945ರಲ್ಲಿ ಬಂಗಾಳವು ವಸ್ತ್ರಕ್ಷಾಮವನ್ನು ಅನುಭವಿಸಿತು. ಅಂಥ ದಿನಗಳಲ್ಲಿ ಮನೆಯಲ್ಲಿದ್ದ ಸೂಜಿದಾರಗಳೇ ಮಾನ ಕಾಯ್ದವು.

ಹಾಗೆಂದು ಬಡತನವನ್ನು ಹೊಗಳುವುದು ತರವಲ್ಲ. ತೇಪೆ ಹಾಕಿದ ಎಷ್ಟೋ ತಾಯಂದಿರಿಗೆ ಬೇರೆ ದಾರಿಯೇ ಇರಲಿಲ್ಲ. ಅವರು ಅನಿವಾರ್ಯವಾಗಿ ಮಾಡಿದುದನ್ನು ನಾವು ವಿವೇಕದಿಂದ ಮಾಡಬಹುದಾಗಿದೆ. ಇಂದಿನ ಪಾಲಿಯೆಸ್ಟರ್ ಬಟ್ಟೆ ನೂಲುಬಟ್ಟೆಯಂತೆ ನೀರು ಹೀರದು. ಒರಸಲೂ ಕೂಸಿಗೆ ಹಾಸಲೂ ಅಷ್ಟು ಒದಗದು. ಆದುದರಿಂದ ಮಿತವ್ಯಯವು ಕೊಳ್ಳುವಾಗಲೇ ಆರಂಭವಾಗಬೇಕು. ಹರಕು ಬೆರಳಗಲವಿದ್ದಾಗಲೇ ಹೊಲಿಯಿರಿ. ಗಟ್ಟಿಯಿರುವುದನ್ನು ಒಗೆದು, ಗುಂಡಿ ಹಚ್ಚಿ, ಬೇಕಾದವರಿಗೆ ಗೌರವದಿಂದ ಕೊಡಿರಿ. ಹರಕನ್ನು ದಾನವೆಂದು ಕೊಡಬೇಡಿರಿ. ಮನೆಯಲ್ಲಿ ಕೌದಿ ಹೊಲಿಯಬಲ್ಲ ಅಜ್ಜಿಯಿದ್ದರೆ, ಮೊಮ್ಮಗಳನ್ನೂ ಮೊಮ್ಮಗನನ್ನೂ ಆಕೆಯ ಬಳಿ ಕೂರಿಸಿರಿ. ಅಟ್ಟದ ಮೇಲಿನ ಆ ಗಂಟು ಅವರ ಮೊದಲ ಪಾಠವಾಗಲಿ.